ಹಗ್ಗದ ಮೇಲಿನ ತುದಿ

ಬೆಳಿಗ್ಗೆ ಐದು ಹತ್ತಕ್ಕೆ ಏಳುವುದು ನನ್ನ ಪದ್ಧತಿ. ಐದಕ್ಕೂ ಅಲ್ಲ, ಐದೂಕಾಲಿಗೂ ಅಲ್ಲ. ಕೋಲಾರದ ಚಿನ್ನದ ಗಣಿಯ ಕೆಲಸದಲ್ಲಿದ್ದಾಗ ಬಂಗಾರಪೇಟೆಯಿಂದ ಮಾರಿಕುಪ್ಪಂ ಕಡೆಗೆ ಹೊರಡುವ ಬೆಳಗಿನ ರೈಲು ಹಿಡಿಯಲು ಐದು ಹತ್ತಕ್ಕೆ ಎದ್ದರೆ ಸರಿಹೋಗುತ್ತಿತ್ತು. ಗಣಿ ಮುಚ್ಚಿ ಎರಡು ದಶಕ ದಾಟಿದೆ. ಏಳುವ ಹೊತ್ತು ಬದಲಾಗಿದೆಯೆಂದು ಮಾತ್ರ ನನಗೆ ಯಾರೂ ಹೇಳಿಲ್ಲ. ಎದ್ದು, ಹಾಸಿಗೆ ಸುತ್ತಿಟ್ಟು, ಒಂದು ಚೊಂಬು ನೀರು ಕುಡಿದು, ಐದೂವರೆಗೆ ಕೊಟ್ಟಿಗೆ. ನಮಗೆ ಎರಡು ಹಸು. ನಾನು ಸಗಣಿ ಬಾಚುತ್ತೇನೆ, ಹೆಂಡತಿ ಹಾಲು ಕರೆಯುತ್ತಾಳೆ. ಆರೂಕಾಲಿಗೆ ಕ್ಯಾನು ಡೈರಿಯಲ್ಲಿರಬೇಕು.

ಕಳೆದ ವರ್ಷ ಹೀಗೇ ಒಂದು ಬೆಳಿಗ್ಗೆ, ಹಸುವಿನ ಪಕ್ಕೆಗೆ ಹಣೆ ಒತ್ತಿಕೊಂಡು ಹಾಲು ಕರೆಯುತ್ತಿದ್ದವಳು ತಿರುಗಿ ನೋಡದೆಯೇ ಹೇಳಿದಳು:

“ನಾನೂ ಕೆಳಕ್ಕೆ ಓಗ್ಬೇಕು.”

“ಎಲ್ಲಿಗೆ?”

“ಸಮುದ್ರದೊಳಕ್ಕೆ.”

ನಾನು ಬಾಚುವುದನ್ನು ನಿಲ್ಲಿಸಿದೆ. ನಮ್ಮ ಮಗಳು ಮುಳಬಾಗಿಲಿನಲ್ಲಿ ಟೀಚರು. ನಮ್ಮ ಮದುವೆಯಾಗಿ ನಲವತ್ತು ವರ್ಷವಾಯಿತೆಂದು ಎಲ್ಲಿಗಾದರೂ ಕಳಿಸುತ್ತೇನೆ, ಜಾಗ ನೀವೇ ಹೇಳಿ ಎಂದಿದ್ದಳು. ಹೆಂಡತಿ ತಿರುಪತಿ ಎನ್ನುತ್ತಾಳೆಂದು ನಾನು ಮನಸ್ಸಿನಲ್ಲೇ ಬಸ್ಸು, ಹೊತ್ತು ಎಲ್ಲ ಗೊತ್ತು ಮಾಡಿಕೊಂಡಿದ್ದೆ. ಇವಳೋ ಯಾರದೋ ಫೋನಿನಲ್ಲಿ ಅಂಡಮಾನಿನ ವಿಡಿಯೋ ನೋಡಿದ್ದಾಳೆ. ಅದರಲ್ಲಿ ಇವಳದೇ ವಯಸ್ಸಿನ ಹೆಂಗಸೊಬ್ಬಳು ತಲೆಗೆ ದೊಡ್ಡ ಗಾಜಿನ ಹಂಡೆಯಂಥದ್ದು ಹಾಕಿಕೊಂಡು ಕಡಲ ತಳದಲ್ಲಿ, ಸಂತೆಗೆ ಹೋಗುವವಳ ಹಾಗೆ ನಡೆದು ಹೋಗುತ್ತಾಳೆ. ಮೀನುಗಳು ಪಕ್ಕಕ್ಕೆ ಸರಿದು ದಾರಿ ಬಿಡುತ್ತವೆ.

“ಗಣಿಯೊಳಕ್ಕೆ ಕರ್ಕೊಂಡು ಓಗ್ರಿ ಅಂದ್ರೆ ಹೆಂಗಸರನ್ನ ಬಿಡಲ್ಲ ಅಂದ್ರಿ. ಸಮುದ್ರದೊಳಕ್ಕೆ ಬಿಡ್ತಾರಂತೆ. ನೀವು ಮುಂದೆ ಇಳೀರಿ, ನಿಮಗೆ ಅಭ್ಯಾಸ ಅದೆ. ನಾನು ಇಂದೆ ಬತ್ತೀನಿ.”

ಹೆಂಗಸರನ್ನು ಗಣಿಯೊಳಕ್ಕೆ ಬಿಡುತ್ತಿರಲಿಲ್ಲ ಎಂಬುದು ನಿಜ. ಅದು ಕಾನೂನು. ಮದುವೆಯಾದ ಹೊಸದರಲ್ಲಿ ಅವಳು ಕೇಳಿದಾಗ ಆ ಕಾನೂನು ಮಾಡಿದವರಿಗೆ ನಾನು ಒಳಗೊಳಗೇ ಕೈಮುಗಿದಿದ್ದೆ. ಯಾಕೆಂದರೆ ಗಣಿಯೊಳಕ್ಕೆ ನಾನೇ ಇಳಿಯುತ್ತಿರಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾನು ವೈಂಡಿಂಗ್ ಎಂಜಿನ್ ಡ್ರೈವರ್. ಗಣಿಯ ಬಾವಿಯಲ್ಲಿ ಜನರನ್ನು ಇಳಿಸಿ ಎತ್ತುವ ಕಬ್ಬಿಣದ ಪಂಜರಕ್ಕೆ ಕೇಜು ಎನ್ನುತ್ತಿದ್ದೆವು. ಕೇಜಿನ ಉಕ್ಕಿನ ಹಗ್ಗ ಮೇಲೆ ಎಂಜಿನ್ ಮನೆಯಲ್ಲಿ ಒಂದು ದೊಡ್ಡ ಡ್ರಮ್ಮಿಗೆ ಸುತ್ತಿಕೊಳ್ಳುತ್ತದೆ. ಆ ಡ್ರಮ್ಮಿನ ಮುಂದೆ ಒಂದು ಕುರ್ಚಿ, ಎರಡು ಹಿಡಿ, ಕೇಜು ಎಷ್ಟು ಆಳದಲ್ಲಿದೆಯೆಂದು ತೋರಿಸುವ ಒಂದು ಮುಳ್ಳು. ಆ ಕುರ್ಚಿಯಲ್ಲಿ ನಾನು ಇಪ್ಪತ್ತು ವರ್ಷದ ಮೇಲೆ ಕೂತಿದ್ದೇನೆ. ಕೇಜಿನವನು ಗಂಟೆ ಬಾರಿಸಿದ ಹಾಗೆ ನಾನು ನಡೆಸಬೇಕು. ಒಂದು ಬಾರಿಸಿದರೆ ನಿಲ್ಲಿಸು. ಎರಡು ಬಾರಿಸಿದರೆ ಇಳಿಸು. ಮೂರು ಬಾರಿಸಿದರೆ ಒಳಗೆ ಮನುಷ್ಯರಿದ್ದಾರೆ, ನಿಧಾನ. ಡ್ರೈವರನ ಜೊತೆ ಯಾರೂ ಮಾತಾಡಕೂಡದೆಂದು ಗೋಡೆಯ ಮೇಲೆ ಬರೆದಿತ್ತು. ದೊಡ್ಡ ಸಾಹೇಬರು ಬಂದರೂ ಬಾಗಿಲಲ್ಲೇ ನಿಂತು ನೋಡಿ ಹೋಗುತ್ತಿದ್ದರು.

ಕೆಲಸ ಕಲಿಯುವಾಗ ಒಂದು ಸಲ ಕೇಜಿನಲ್ಲಿ ಇಳಿಸಿ ತೋರಿಸಿದರು. ಮೊದಲನೇ ಮಟ್ಟ ಬರುವಷ್ಟರಲ್ಲಿ ನನ್ನ ಕಿವಿ ಮುಚ್ಚಿಕೊಂಡು, ಎದೆ ಬಿಗಿದು, ಎರಡೂ ಕೈ ಪಕ್ಕದವನ ಬೆಲ್ಟಿಗೆ ಅಂಟಿಕೊಂಡವು. ಅದೇ ಕೇಜಿನಲ್ಲಿ ಮೇಲಕ್ಕೆ ಕಳಿಸಿದರು. ಆಮೇಲೆ ನಾನು ಇಳಿದಿಲ್ಲ. ಹಗ್ಗದ ಮೇಲಿನ ತುದಿ ನನ್ನದು, ಕೆಳಗಿನ ತುದಿ ಬೇರೆಯವರದು. ಈ ಏರ್ಪಾಟು ನನಗೆ ಒಪ್ಪಿತ್ತು.

ತಪ್ಪಾದದ್ದು ಹೆಣ್ಣು ನೋಡಲು ಹೋದ ದಿನ. ಬೂದಿಕೋಟೆಯ ಹತ್ತಿರದ ಹಳ್ಳಿ. ಮಾವ, ಅವತ್ತಿನ್ನೂ ಮಾವ ಆಗಿರಲಿಲ್ಲ, ನನ್ನ ಎಲೆಗೆ ಒಬ್ಬಟ್ಟು ಹಾಕಿಸುತ್ತ ಕೇಳಿದರು, “ದಿನಾ ಎಷ್ಟು ಆಳಕ್ಕೆ ಓಗ್ ಬತ್ತೀಯಪ್ಪಾ?” ನನ್ನ ಕೇಜು ಹೋಗಿ ಬರುವ ಕಟ್ಟಕಡೆಯ ಮಟ್ಟ ಎಷ್ಟು ಅಡಿಯೋ ಅಷ್ಟನ್ನು ಹೇಳಿದೆ. ಅಂಕಿಯಲ್ಲಿ ಸುಳ್ಳಿರಲಿಲ್ಲ. ಮಾವ ತಾವೇ ತುಪ್ಪದ ಗಿಂಡಿ ಎತ್ತಿ ಒಬ್ಬಟ್ಟಿನ ಮೇಲೆ ಸುರಿದರು. ಕೋಣೆಯ ಬಾಗಿಲ ಹಿಂದೆ ಯಾರೋ “ಅಯ್ಯೋ” ಎಂದದ್ದು ಕೇಳಿಸಿತು. ಆ ಅಯ್ಯೋ ಯಾರದೆಂದು ಮದುವೆಯಾದ ಮೇಲೆ ತಿಳಿಯಿತು. ಆಮೇಲೆ ನಿಜ ಹೇಳುವುದು ಕಷ್ಟವಾಯಿತು. ತಿಂದ ತುಪ್ಪವನ್ನು ವಾಪಸು ಕೊಡಲು ಬರುವುದಿಲ್ಲ.

ಹಾಗಾಗಿ ನಾನು ದಿನವೂ ಭೂಮಿಯೊಳಕ್ಕೆ ಇಳಿದು ಬಂದೆ, ಮಾತಿನಲ್ಲಿ. ಬಂಗಾರಪೇಟೆಯ ನಮ್ಮ ವಠಾರದಲ್ಲಿ ಪಕ್ಕದ ಮನೆಯವನು ಡ್ರಿಲ್ಲರ್, ಬಂಡೆ ಕೊರೆಯಲು ನಿಜವಾಗಿ ಕೆಳಗಿಳಿಯುವವನು. ರೈಲಿನಲ್ಲಿ ಅವನು ಹೇಳಿದ್ದನ್ನು ನಾನು ಸಾಯಂಕಾಲ ಮನೆಯಲ್ಲಿ ಹೇಳುತ್ತಿದ್ದೆ. ಬಂಡೆಯ ಕಾವು, ಎಲ್ಲೋ ದೂರದಲ್ಲಿ ಕಲ್ಲು ಸಿಡಿಯುವ ಸದ್ದು, ಬುತ್ತಿಗೆ ಕಾದು ಕೂರುವ ಬೆಕ್ಕಿನಷ್ಟು ದಪ್ಪದ ಇಲಿಗಳು. ಇಲಿ ಕಥೆ ಅವಳಿಗೆ ಬಹಳ ಇಷ್ಟ. ಅದರಿಂದ ಆದ ನಷ್ಟ ಒಂದೇ. ಕರಿ ಬಣ್ಣ ಬಳಿದು, ಹಿತ್ತಾಳೆ ಉಜ್ಜಿ, ಫಳಫಳ ಇಟ್ಟುಕೊಂಡಿದ್ದ ನನ್ನ ಎಂಜಿನನ್ನು ಅವಳಿಗೆ ಒಂದು ದಿನವೂ ತೋರಿಸಲಿಲ್ಲ. ತೋರಿಸಿದ್ದರೆ ನನ್ನ ಕುರ್ಚಿಯೂ ಕಾಣುತ್ತಿತ್ತಲ್ಲ.

ಈಗ ಸಮುದ್ರ. ಅಲ್ಲಿ ನಾನು ಮುಂದೆ ಇಳಿಯಬೇಕು. ಇಳಿಯಲಾರದೆ ನಿಂತರೆ ನಲವತ್ತು ವರ್ಷದ ಇಲಿಗಳೆಲ್ಲ ಒಟ್ಟಿಗೆ ಹೊರಗೆ ಬರುತ್ತವೆ.

ಅರವತ್ತು ದಾಟಿದವರು ಡಾಕ್ಟರ ಕಾಗದ ತರಬೇಕೆಂದು ಮಗಳು ತಿಳಿಸಿದಾಗ ನನಗೆ ಸ್ವಲ್ಪ ಧೈರ್ಯ ಬಂತು. ಬಂಗಾರಪೇಟೆಯ ನಮ್ಮ ಡಾಕ್ಟರು ಎದೆ ನೋಡಿದರು, ಕಿವಿಯೊಳಗೆ ದೀಪ ಬಿಟ್ಟು ನೋಡಿದರು. “ಏನ್ ಸಾರ್, ನಲವತ್ತರ ಆಳಿನ ಕಿವಿ ಇಟ್ಕೊಂಡಿದ್ದೀರಲ್ಲ” ಎಂದರು. ದಿನಾ ಐದು ಹತ್ತಕ್ಕೆ ಏಳುವುದರ ಫಲ ಇದು ಎಂದು ಹೆಂಡತಿ ಹೆಮ್ಮೆಯಿಂದ ಹೇಳಿದಳು. ಆರೋಗ್ಯ ನನಗೆ ಯಾವತ್ತೂ ಅಷ್ಟು ಬೇಸರ ತಂದಿರಲಿಲ್ಲ.

ಉಳಿದದ್ದು ಹಳೆಯ ಡ್ರಿಲ್ಲರ್ ಒಬ್ಬನೇ. ಅವನೀಗ ಆಂಡರ್ಸನ್‌ಪೇಟೆಯಲ್ಲಿ ಮಗನ ಸೈಕಲ್ ಅಂಗಡಿಯ ಮುಂದೆ ಕೂತಿರುತ್ತಾನೆ. ಹೋಗಿ ವಿಷಯ ಹೇಳಿದೆ.

“ಬಾಪ್ಪಾ ವೈಂಡರು, ಉಕ್ಕಾರು” ಎಂದು ಸ್ಟೂಲು ಎಳೆದುಕೊಟ್ಟ. ಪೂರ್ತಿ ಕೇಳಿದ. ಆಮೇಲೆ ಎಷ್ಟು ಹೊತ್ತು ನಕ್ಕನೆಂದರೆ ಪಂಕ್ಚರ್ ಹಾಕುತ್ತಿದ್ದ ಮಗ ಎದ್ದು ಬಂದು ಬೆನ್ನು ಸವರಿದ.

“ನನ್ನ ಇಲಿ, ನನ್ನ ಬಂಡೆ, ಎಲ್ಲಾ ನಿನ್ ಎಂಡ್ತಿ ಅತ್ರ ಇಂಗ್ ಮಾರಿಬಿಟ್ಯಾ? ನಂಗೆ ಒಂದ್ ಕಾಪಿ ಕೂಡ ಕೊಡಿಸ್ಲಿಲ್ಲ ನೀನು.”

“ಕಾಫಿ ಆಮೇಲೆ. ಕಿವಿ ಮುಚ್ಚಿಕೊಂಡರೆ ಏನು ಮಾಡಬೇಕು, ಅದು ಹೇಳು.”

“ಮೂಗು ಇಡ್ಕೋ, ಬಾಯಿ ಮುಚ್ಚು, ಮೆತ್ತಗೆ ಊದು. ಟಪ್ ಅಂತ ಬಿಟ್ಕೊಳ್ತದೆ. ಆಗ್ಲಿಲ್ವಾ, ಉಗುಳು ನುಂಗು. ಅದೂ ಆಗ್ಲಿಲ್ವಾ...”

“ಆಗಲಿಲ್ಲವೆಂದರೆ?”

“ನಿಜ ಏಳ್ಬಿಡು. ಅದುಕ್ಕೂ ಎದೆ ಸ್ವಲ್ಪ ಅಗುರ ಆಯ್ತದೆ.”

ಮೊದಲಿನ ಎರಡನ್ನು ನಾನು ಚೀಟಿಯಲ್ಲಿ ಬರೆದುಕೊಂಡೆ.

ಹೊರಡುವ ಮುಂಚಿನ ದಿನ ಹೆಂಡತಿಯ ತಮ್ಮ ಬೂದಿಕೋಟೆ ಕಡೆಯಿಂದ ಬಂದ, ಹಸು ನೋಡಿಕೊಳ್ಳಲು. ಐದು ದಿನದ ಕೆಲಸವನ್ನು ಹೊತ್ತು ಸಮೇತ ಬರೆದು ಕೊಟ್ಟಿಗೆಯ ಗೋಡೆಗೆ ಅಂಟಿಸಿದ್ದೆ. ಅವನು ಓದಿ, “ಭಾವಾ, ಎರಡನೇ ಅಸು ಮೂರೂವರೆಗೆ ಮೆಲುಕು ಆಕ್ತದೆ ಅಂತ ಬರೆದಿದ್ದೀರಲ್ಲ, ಅದು ಆಕ್ದಿದ್ರೆ ನಾನು ಆಕ್ಬೇಕಾ?” ಎಂದ. ಅವನಿಗೆ ನನ್ನ ಮೇಲೆ ಅಪಾರ ಗೌರವ. ಭೂಮಿಯೊಳಕ್ಕೆ ಇಳಿಯುವ ಭಾವ ಎಂದು ಹಳ್ಳಿಗೆಲ್ಲ ಹೇಳಿಕೊಂಡು ಬೆಳೆದವನು.

ವಿಮಾನದ ಬಗ್ಗೆ ನನ್ನ ತಕರಾರು ಏನೂ ಇಲ್ಲ. ಪೈಲಟ್ಟು ಬಾಗಿಲು ಹಾಕಿಕೊಂಡು ಒಳಗೆ ಕೂತ. ಯಾರೂ ಅವನೊಡನೆ ಮಾತಾಡುವಂತಿರಲಿಲ್ಲ. ಇದು ಸರಿಯಾದ ಕ್ರಮ. ಬೆಂಗಳೂರು ಬಿಟ್ಟ ಸ್ವಲ್ಪ ಹೊತ್ತಿಗೆ ಕಿಟಕಿಯ ಪಕ್ಕ ಕೂತಿದ್ದ ಹೆಂಡತಿ ನನ್ನ ಮೊಣಕೈ ತಿವಿದಳು.

“ಅಲ್ ನೋಡ್ರಿ, ನಿಮ್ಮ ಮಣ್ಣು.”

ಕೆಳಗೆ ಹಸಿರು, ಕೆಂಪು ತುಂಡುಗಳ ಮಧ್ಯೆ ಬೂದು ಬಣ್ಣದ ಚಪ್ಪಟೆ ದಿಬ್ಬಗಳು. ಚಿನ್ನ ತೆಗೆದು ಉಳಿದ ಮಣ್ಣನ್ನು ಗಣಿಯವರು ಸುರಿದು ಸುರಿದು ಆದ ಸಯನೈಡ್ ದಿಬ್ಬಗಳೇ ಇರಬೇಕು. ಅಷ್ಟು ಮಣ್ಣೂ ಹಗ್ಗದಲ್ಲೇ ಮೇಲೆ ಬಂದದ್ದು ಎಂದು ಹೇಳಲು ಬಾಯಿ ತೆರೆದೆ. ಮುಚ್ಚಿದೆ. ಹೇಳಿದ್ದರೆ, ಹಗ್ಗ ಯಾರು ನಡೆಸಿದ್ದು ಎಂದು ಕೇಳುತ್ತಿದ್ದಳು. ಅವಳು ಮುಂದಿನ ಸೀಟಿನವರಿಗೂ ಹೇಳಿದಳು, “ನಮ್ಮೋರು ಅದರ ಅಡೀಲಿ ಇದ್ದೋರು.” ಮುಂದಿನ ಸೀಟಿನವರು ತಿರುಗಿ ನನಗೆ ನಮಸ್ಕಾರ ಮಾಡಿದರು. ನಾನೂ ಮಾಡಿದೆ.

ಅಂಡಮಾನಿನಲ್ಲಿ ಮೊದಲ ದಿನ ನಮಗೆ ಬರೆದಿದ್ದದ್ದು ಸಮುದ್ರವಲ್ಲ, ಆಕಾಶ. ಒಂದು ದೋಣಿ. ಅದರ ಹಿಂಭಾಗಕ್ಕೆ ಉದ್ದನೆಯ ಹಗ್ಗದಲ್ಲಿ ಬಣ್ಣದ ಕೊಡೆಯಂಥ ಪ್ಯಾರಾಚೂಟು ಕಟ್ಟಿರುತ್ತಾರೆ. ದೋಣಿ ಓಡಿದಂತೆ ಅದು ಗಾಳಿ ತುಂಬಿಕೊಂಡು ಮೇಲಕ್ಕೆ ಹೋಗುತ್ತದೆ, ಅದಕ್ಕೆ ಜೋತುಬಿದ್ದ ಮನುಷ್ಯರೂ ಹೋಗುತ್ತಾರೆ. ಹಗ್ಗ ದೋಣಿಯಲ್ಲಿರುವ ಒಂದು ಡ್ರಮ್ಮಿಗೆ ಸುತ್ತಿಕೊಂಡಿರುತ್ತದೆ.

ಡ್ರಮ್ಮು ನೋಡಿದ್ದೇ ನನಗೆ ಮನೆಗೆ ಬಂದ ಹಾಗಾಯಿತು. ಹಗ್ಗ ಮುಟ್ಟಿ ನೋಡಿದೆ, ಎಳೆ ಬಿಟ್ಟಿರಲಿಲ್ಲ. ಸುತ್ತು ಸಾಲಾಗಿ ಕೂತಿತ್ತು. ಬ್ರೇಕು ಹಾಕಿಸಿ, ಬಿಡಿಸಿ, ಮತ್ತೆ ಹಾಕಿಸಿದೆ. ಡ್ರಮ್ಮು ನಡೆಸುವವನು ಶ್ರೀಕಾಕುಳಂ ಕಡೆಯ ತೆಲುಗಿನವನು, ಒಳ್ಳೆಯ ಮನುಷ್ಯ, ಆದರೆ ಬಾಯಿ ಸುಮ್ಮನಿರುತ್ತಿರಲಿಲ್ಲ. ನನ್ನ ಹೆಂಡತಿಗೂ ತೆಲುಗು ಚೆನ್ನಾಗಿ ಬರುತ್ತದೆ. ಇಬ್ಬರೂ ಶುರು ಮಾಡಿದರು.

“ಭಯಂ ಲೇದಾ ಅಮ್ಮಾ?”

“ಭಯಂ ಎಂದುಕಯ್ಯಾ, ಗೊಡುಗು ನೀದೇ ಕದಾ.” ಭಯ ಯಾಕೆ, ಕೊಡೆ ನಿನ್ನದೇ ತಾನೆ ಎಂದು ಇವಳ ಉತ್ತರ.

ಇಬ್ಬರೂ ಒಟ್ಟಿಗೆ ಏರಬಹುದಿತ್ತು. ಯಾರಾದರೂ ಹಗ್ಗ ನೋಡಬೇಕಲ್ಲ ಎಂದು ನಾನು ಕೆಳಗೇ ಉಳಿದೆ. ಹೆಂಡತಿ ನನ್ನನ್ನು ಒಂದು ಸಲ ನೋಡಿ, “ಅದು ಸರಿ, ನಿಮ್ಮ ಜಾಗ ಅದೇ” ಎಂದಳು. ಆ ಮಾತಿನ ಅರ್ಥವೇನೆಂದು ನಾನು ಯೋಚಿಸಬೇಕಾಗಿತ್ತು. ಯೋಚಿಸಲಿಲ್ಲ. ಅವಳಿಗೆ ಸಂಕೇತ ಕಲಿಸುವ ಅವಸರದಲ್ಲಿದ್ದೆ.

“ಮೇಲಿಂದ ಕೂಗಿದರೆ ಕೇಳಿಸುವುದಿಲ್ಲ. ಕೈ ಬೀಸು. ಒಂದು ಸಲ ಬೀಸಿದರೆ ನಿಲ್ಲಿಸುತ್ತೇವೆ. ಎರಡು ಸಲ ಬೀಸಿದರೆ ಇಳಿಸುತ್ತೇವೆ. ಮೂರು ಸಲ ಬೀಸಿದರೆ ನಿಧಾನ ಮಾಡುತ್ತೇವೆ. ಹೇಳು ನೋಡೋಣ.”

“ಒಂದು ನಿಲ್ಸು, ಎರಡು ಇಳ್ಸು, ಮೂರು ನಿಧಾನ. ಬಿಡ್ರಿ ನನ್ನ.”

ಬಿಟ್ಟೆವು. ನೈಲಾನ್ ಸೀರೆಯ ಮೇಲೆ ಅವರು ಕೊಟ್ಟ ಲೈಫ್ ಜಾಕೆಟ್ಟು, ಸೀರೆಯ ಕೆಳಗೆ ಮಗಳ ಪೈಜಾಮ. ದೋಣಿಯ ಹಲಗೆಯ ಮೇಲೆ ಎರಡು ಹೆಜ್ಜೆ ಓಡಿದಳು, ಮೂರನೆಯದಕ್ಕೆ ಕಾಲ ಕೆಳಗೆ ಹಲಗೆಯಿರಲಿಲ್ಲ. ಹಗ್ಗ ಬಿಚ್ಚಿಕೊಳ್ಳುತ್ತ ಹೋಯಿತು. ನಾನು ಡ್ರಮ್ಮಿನ ಪಕ್ಕ ನಿಂತು, ದೋಣಿಯಲ್ಲಿದ್ದವರಿಗೆಲ್ಲ ಮಾತಾಡಬೇಡಿ ಎಂದು ತಿಳಿಸಿದೆ. ತೆಲುಗಿನವನೂ ಸುಮ್ಮನಾದ. ನನ್ನ ಹೆಂಡತಿ ಒಂದು ಬಣ್ಣದ ಚುಕ್ಕೆಯಾದಳು.

ಆಗ ಚುಕ್ಕೆ ಕೈ ಬೀಸಿತು. ಒಂದು. ಎರಡು.

“ಇಳಿಸು” ಎಂದೆ.

“ಅಪ್ಪುಡೇನಾ ಸಾರ್?” ಎಂದ. ಇಷ್ಟು ಬೇಗನೇ ಎಂದು ಅವನ ಅನುಮಾನ.

“ಎರಡು ಸಂಕೇತ ಬಂದಿದೆ. ಇಳಿಸು.”

ಇಪ್ಪತ್ತು ವರ್ಷದ ಅಭ್ಯಾಸದ ಗಂಟಲು ಅದು. ಅವನು ಇಳಿಸಿದ. ದೋಣಿಯ ಹಿಂಭಾಗದಲ್ಲಿ ಅವಳ ಪಾದ ಊರುವ ಮೊದಲೇ ಬಾಯಿ ಶುರುವಾಗಿತ್ತು.

“ಯಾಕ್ ಇಳಿಸಿದ್ರಿ? ಏನಾಯ್ತು?”

“ನೀನೇ ಎರಡು ಸಲ ಕೈ ಬೀಸಿದೆ.”

“ಖುಷಿಗೆ ಬೀಸಿದೆ ಕಣ್ರೀ. ಅಷ್ಟ್ ಮೇಲಿಂದ ಗಂಡ ಕಂಡ್ರೆ ಕೈ ಬೀಸ್ಬಾರ್ದಾ?”

ದೋಣಿಯಲ್ಲಿ ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದವರೆಲ್ಲ ಒಟ್ಟಿಗೆ ನಕ್ಕರು. ತೆಲುಗಿನವನು ಇನ್ನೊಂದು ಸುತ್ತು ಏರಿಸುತ್ತೇನೆಂದ. ಅವಳು ಅವನ ಹತ್ತಿರ ಹೋಗಿ ನನಗೂ ಕೇಳುವ ಹಾಗೆ, ತಾನು ಹತ್ತು ಸಲ ಕೈ ಬೀಸಿದರೂ ಈ ಮನುಷ್ಯನ ಮಾತು ಕೇಳಿ ಇಳಿಸಬೇಡ ಎಂದು ಹೇಳಿ ಏರಿದಳು. ಎರಡನೇ ಸಲ ಅವಳು ಬೀಸಿದ್ದಕ್ಕೆ ಲೆಕ್ಕವೇ ಇಲ್ಲ. ಎಂಥ ಎಂಜಿನ್ ಡ್ರೈವರನಿಗೂ ತಲೆ ಕೆಡುವಂಥ ಸಂಕೇತಗಳು. ನಾನು ಒಂದಕ್ಕೂ ಏನೂ ಮಾಡದೆ ನಿಂತಿದ್ದೆ. ಆಮೇಲೆ ನಾನೂ ಒಂದು ಸಲ ಕೈ ಬೀಸಿದೆ. ಅದರ ಅರ್ಥ ಅವಳಿಗೆ ಗೊತ್ತಿತ್ತೋ ಇಲ್ಲವೋ, ನಿಲ್ಲಿಸಲಂತೂ ಇಲ್ಲ.

ಮಾರನೆಯ ದಿನ ಸಮುದ್ರ.

ತೀರದಿಂದ ಸ್ವಲ್ಪ ಒಳಗೆ ತೇಲುವ ಅಟ್ಟಣೆಯೊಂದನ್ನು ಕಟ್ಟಿ ನಿಲ್ಲಿಸಿದ್ದರು. ಅದರ ಅಂಚಿನಿಂದ ಕಬ್ಬಿಣದ ಏಣಿ ನೀರೊಳಕ್ಕೆ ಇಳಿದಿತ್ತು. ಭುಜದ ಮಟ್ಟಕ್ಕೆ ನೀರು ಬಂದಾಗ ಮೇಲಿನಿಂದ ತಲೆಗೆ ಹೆಲ್ಮೆಟ್ ಇಳಿಸುತ್ತಾರೆ. ಅದರೊಳಕ್ಕೆ ಕೊಳವೆಯಲ್ಲಿ ಗಾಳಿ ಬರುತ್ತದೆ. ಕೊರಳಿನಿಂದ ಮೇಲೆ ಒಂದು ಹನಿ ನೀರೂ ಸೋಕುವುದಿಲ್ಲ, ಕನ್ನಡಕವನ್ನೂ ತೆಗೆಯಬೇಕಾಗಿಲ್ಲ. ಇದನ್ನು ಕೇಳಿಕೊಂಡ ಹೆಂಡತಿ ಅವತ್ತು ಬೆಳಿಗ್ಗೆ ಹುಡುಕಿ ಒಂದು ಮೊಳ ಮಲ್ಲಿಗೆ ತಂದು ಮುಡಿದಿದ್ದಳು.

ಗಾಳಿ ಕೊಡುವ ಯಂತ್ರವನ್ನು ಪರೀಕ್ಷಿಸಿದೆ. ಚೆನ್ನಾಗಿತ್ತು. ಕೊಳವೆಯ ಜೋಡಣೆ ನೋಡಿದೆ. ಅದೂ ಚೆನ್ನಾಗಿತ್ತು. ನೋಡಲು ಇನ್ನೇನೂ ಉಳಿಯಲಿಲ್ಲ. ಇಳಿಸುವ ಮಾಸ್ಟರು ತಮಿಳಿನವನು. ಯಾರು ಮೊದಲು ಎಂದು ಕೇಳಿದ.

“ಇವರೇ ಮೊದ್ಲು” ಎಂದು ಹೆಂಡತಿ ತನಗೆ ಬರುವ ತಮಿಳಿನಲ್ಲಿ ಹೇಳಿದಳು. “ಕೋಲಾರದ ಗಣಿಯವರು.”

ಮಾಸ್ಟರು ಗೌರವದಿಂದ ದಾರಿ ಬಿಟ್ಟ.

ಏಣಿಯ ಮೆಟ್ಟಿಲು ಒಂಬತ್ತು ಎಂದು ಮೊದಲೇ ಎಣಿಸಿಟ್ಟುಕೊಂಡಿದ್ದೆ. ಮೂರು ಇಳಿದೆ, ಮೊಣಕಾಲು. ಐದು, ಸೊಂಟ. ಆರನೆಯದಕ್ಕೆ ನೀರು ಎದೆಗೆ ಬಂತು, ಎದೆ ಬಿಗಿಯಿತು. ಹಳೆಯ ಕೇಜಿನ ಕತ್ತಲೆ ಎಲ್ಲಿತ್ತೋ, ಆ ಬೆಳಗಿನ ಹತ್ತೂವರೆಯ ಬಿಸಿಲಿನಲ್ಲಿ ಬಂದು ಕೂತಿತು. ಎರಡೂ ಕೈ ಏಣಿಗೆ ಅಂಟಿಕೊಂಡವು. ಮೂಗು ಹಿಡಿದುಕೊಳ್ಳಬೇಕೆಂದು ಚೀಟಿಯಲ್ಲಿ ಬರೆದದ್ದು ನೆನಪಿತ್ತು, ಆದರೆ ಹಿಡಿಯಲು ಕೈ ಬಿಡಬೇಕಲ್ಲ. ಉಗುಳು ನುಂಗೋಣವೆಂದರೆ ಬಾಯಿ ಒಣಗಿತ್ತು. ಡ್ರಿಲ್ಲರ್ ಹೇಳಿದ್ದರಲ್ಲಿ ಮೂರನೆಯದೊಂದೇ ಉಳಿಯಿತು.

ಹೆಂಡತಿ ಅಟ್ಟಣೆಯ ಅಂಚಿಗೆ ಬಂದು ಕುಕ್ಕರಗಾಲಲ್ಲಿ ಕೂತು ನನ್ನ ಮುಖದ ಹತ್ತಿರ ಬಗ್ಗಿದಳು.

“ಏನಾಯ್ತು?”

“ನೋಡು, ನಾನು ಗಣಿಯೊಳಕ್ಕೆ ಇಳಿದವನಲ್ಲ” ಎಂದೆ. “ಒಂದೇ ಸಲ ಇಳಿದಿದ್ದು. ಅದೂ ಅರ್ಧಕ್ಕೆ. ನಾನು ಮೇಲೆ ಕೂತು ಕೇಜು ನಡೆಸುತ್ತಿದ್ದೆ. ಅಷ್ಟೇ ನನ್ನ ಕೆಲಸ. ನಲವತ್ತು ವರ್ಷದಿಂದ ಹೇಳಬೇಕೆಂದಿದ್ದೆ.”

“ಗೊತ್ತು.”

“ಏನು ಗೊತ್ತು?”

“ಮೇಲೆ ಕೂತಿದ್ದು ಗೊತ್ತು. ನಿಮ್ಮ ಬಟ್ಟೆ ಒಗೆದೋಳು ನಾನಲ್ವಾ? ಪಕ್ಕದ ಮನೆಯೋರ ಅಂಗಿ ತುಂಬಾ ಬೂದು ಕೆಸರು, ಬೆವರಿನ ಉಪ್ಪು. ನೆನೆ ಹಾಕಿ ಬಡೀಬೇಕು. ನಿಮ್ಮ ಅಂಗಿಗೆ ಎಡಗಡೆ ತೋಳಿಗೆ ಮಾತ್ರ ಒಂಚೂರು ಗ್ರೀಸು. ನಾನೂ ಅವ್ರ ಎಂಡ್ತಿನೂ ಒಂದೇ ಕಲ್ಲಲ್ಲಿ ಒಗೀತಿದ್ವಿ. ಮದುವೆ ಆದ ಮೊದಲ್ನೇ ವಾರಾನೇ ಗೊತ್ತಾಯ್ತು.”

“ಮತ್ತೆ ಆ ಇಲಿ ಕಥೆ...”

“ಬೆಳಿಗ್ಗೆ ಅವ್ಳು ಕಲ್ಲತ್ರ ಏಳೋಳು, ಸಾಯಂಕಾಲ ನೀವು ಏಳೋರು. ನೀವು ಏಳೋದೇ ಚೆನ್ನಾಗಿರೋದು. ಅವಳ ಇಲಿ ಬರೀ ಇಲಿ.”

“ಯಾಕೆ ಹೇಳಲಿಲ್ಲ ನೀನು?”

“ಏಳಿದ್ರೆ ನೀವು ಕಥೆ ನಿಲ್ಲಿಸ್ಬಿಡೋರು. ಮನೇಗೆ ಬಂದು ಆ ಗಂಟೆ ಈ ಗಂಟೆ ಅಂತ ಗಡಿಯಾರ ನೋಡ್ತಾ ಕೂರೋರು.” ಸೀರೆಯ ಸೆರಗು ಸಿಕ್ಕಿಸಿಕೊಂಡಳು. “ಈಗ ಸರೀರಿ. ನಾನು ಮುಂದೆ ಓಗ್ತೀನಿ. ನೀವು ಬೇಕಾದ್ರೆ ಬನ್ನಿ, ಇಲ್ದಿದ್ರೆ ಮೇಲಿಂದ ಆ ಕೊಳವೆ ನೋಡ್ಕೊಳ್ರಿ. ಎರಡೂ ಒಂದೇ.”

ನಾವು ಮಾತಾಡಿದ್ದು ಕನ್ನಡದಲ್ಲಿ, ಅಲ್ಲಿ ಯಾರಿಗೆ ತಿಳಿಯುತ್ತದೆ ಎಂದುಕೊಂಡಿದ್ದೆ. ಹಿಂದೆ ಸರದಿಯಲ್ಲಿ ನಿಂತಿದ್ದ ಹೊಸ ಜೋಡಿ ಹಾಸನದವರಂತೆ. “ಅಜ್ಜ, ನಿಧಾನಕ್ಕೆ ಆಗಲಿ, ನಮಗೇನು ಅವಸರ ಇಲ್ಲ” ಎಂದಿತು ಆ ಹುಡುಗಿ.

ನಾನು ಏಣಿಯ ಒಂದು ಪಕ್ಕಕ್ಕೆ ಸರಿದೆ. ಅವಳು ನನ್ನನ್ನು ಒರಸಿಕೊಂಡೇ ಇಳಿದಳು. ಭುಜದವರೆಗೆ ನೀರು ಬಂದಾಗ ಅವಳ ಮಲ್ಲಿಗೆಯ ಮೇಲೆ ಹೆಲ್ಮೆಟ್ ಕೂತಿತು. ಗಾಜಿನೊಳಗಿಂದ ನನ್ನನ್ನು ನೋಡಿ, ಒಂದು ಕೈ ಚಾಚಿದಳು.

ಹಿಡಿದೆ. ಮಾಸ್ಟರು ನನ್ನ ತಲೆಗೂ ಹೆಲ್ಮೆಟ್ ಇಳಿಸಿದ. ಕಿವಿಯ ಪಕ್ಕದಲ್ಲಿ ಗಾಳಿ ಸುಯ್ ಎನ್ನತೊಡಗಿತು. ಇಳಿದ ಮೇಲೆ ಅವನು ಕಲಿಸಿದ ಹಾಗೆ ಹೆಲ್ಮೆಟ್ಟಿನ ಕೆಳಗಿನಿಂದ ಕೈ ತೂರಿಸಿ ಮೂಗು ಹಿಡಿದು ಊದಿದೆ. ಟಪ್ ಎಂದಿತು. ಅದೇ ಆಂಡರ್ಸನ್‌ಪೇಟೆಯ ಪಾಠ. ಆ ಹೊತ್ತಿಗೆ ಅವಳು ಹಿಡಿದ ಕೈಯನ್ನು ಮೆಲ್ಲಗೆ ಅಮುಕಿದಳು. ಒಂದು. ಎರಡು. ಇಷ್ಟಕ್ಕೆ ನಿಂತರೆ ಇಳಿಸು ಎಂದು ಅರ್ಥ. ನಿಲ್ಲಲಿಲ್ಲ. ಮೂರು.

ಒಳಗೆ ಮನುಷ್ಯರಿದ್ದಾರೆ, ನಿಧಾನ.

ಕಡಲ ತಳದಲ್ಲಿ ನಾವು ಎಷ್ಟು ಹೊತ್ತು ನಡೆದೆವೋ ಹೇಳಲಾರೆ. ಗಡಿಯಾರ ಮೇಲೆ ಬಿಚ್ಚಿಟ್ಟಿದ್ದೆ. ಮರಳು ಕಾಲಡಿಯಲ್ಲಿ ಮೆತ್ತಗಿತ್ತು, ರಾಗಿ ಹೊಲಕ್ಕೆ ಮೊದಲ ನೀರು ಹಾಯಿಸಿದ ಹಾಗೆ. ಹಳದಿ ಪಟ್ಟೆಯ ಮೀನುಗಳು ಗುಂಪಾಗಿ ಬಂದು ಅವಳ ಹೆಲ್ಮೆಟ್ಟಿನ ಗಾಜಿಗೆ ಮೂತಿ ತಾಗಿಸಿ ಮಲ್ಲಿಗೆ ನೋಡಿದವು. ಒಂದು ದಪ್ಪ ಮೀನು ಬಂಡೆಯ ಸಂದಿಯಿಂದ ತಲೆ ಹಾಕಿ ನಮ್ಮನ್ನೇ ದಿಟ್ಟಿಸಿತು. ಹೆಂಡತಿ ಅದನ್ನು ತೋರಿಸಿ, ನನ್ನ ಕಡೆ ತಿರುಗಿ, ಎರಡು ಬೆರಳನ್ನು ಬಾಯಿಯ ಹತ್ತಿರ ಮೀಸೆಯ ಹಾಗೆ ಆಡಿಸಿದಳು. ಇಲಿ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಹೆಲ್ಮೆಟ್ಟಿನೊಳಗೆ ನಕ್ಕರೆ ಬಹಳ ದೊಡ್ಡ ಸದ್ದಾಗುತ್ತದೆ.

ಬಂಗಾರಪೇಟೆಗೆ ಮರಳಿದ ದಿನ ಹೆಂಡತಿ ಮೊದಲು ಮಾಡಿದ್ದು ಬಟ್ಟೆ ನೆನೆ ಹಾಕಿದ್ದು. ನನ್ನ ಅಂಗಿಯನ್ನು ಬೆಳಕಿಗೆ ಹಿಡಿದು, ಬೆನ್ನ ಮೇಲಿನ ಬಿಳಿ ಗೆರೆಗಳನ್ನು ತೋರಿಸಿ, “ಇಷ್ಟ್ ದಿನಕ್ಕೆ ಉಪ್ಪು ಹತ್ತಿತು” ಎಂದಳು.

ಹಸುಗಳು ಸುಖವಾಗಿದ್ದವು. ಗೋಡೆಯ ಮೇಲಿನ ಕಾಗದದಲ್ಲಿ ಮೂರನೆಯ ದಿನದಿಂದ ಕೆಳಗಿನದನ್ನು ಯಾವುದೋ ಹಸು ನೆಕ್ಕಿ ಹಾಕಿತ್ತು. ಭಾವಮೈದುನ ಕಾಫಿ ಕುಡಿಯುತ್ತ ಕೇಳಿದ, “ಎಂಗಿತ್ತು ಭಾವಾ? ಭೂಮಿಯೊಳಕ್ಕೆ ಓದಂಗೇ ಇತ್ತಾ?”

ಒಂದು ಸಲ ಹೇಳಿದವನಿಗೆ ಎರಡನೆಯ ಸಲ ಸುಲಭ. ಎಲ್ಲವನ್ನೂ ಹೇಳಿದೆ. ಕುರ್ಚಿ, ಹಿಡಿ, ಗಂಟೆ, ಅರ್ಧಕ್ಕೆ ಮರಳಿದ್ದು. ಅವನು ಲೋಟ ಕೆಳಗಿಟ್ಟು ಅಕ್ಕನ ಮುಖ ನೋಡಿದ, ನನ್ನ ಮುಖ ನೋಡಿದ.

“ಬ್ಯಾಡ ಭಾವಾ. ಊರಿಗೆಲ್ಲಾ ಏಳ್ಕೊಂಡು ಬಂದಿದ್ದೀನಿ ನಾನು. ಈ ವಯಸ್ಸಲ್ಲಿ ಯಾರ್ಯಾರ ಮನೆಗೆ ಓಗಿ ತಿದ್ಲಿ? ನೀವು ಇಳೀತಿದ್ರಿ. ಅಷ್ಟೇ.” ಎದ್ದು ಬೂದಿಕೋಟೆ ಬಸ್ಸಿಗೆ ಹೋದ.

ಮುಂದಿನ ವಾರ ಹೆಂಡತಿ ನನ್ನ ಎಂಜಿನ್ ಮನೆ ನೋಡಬೇಕೆಂದಳು. ಡೈರಿಗೆ ಹಾಲು ಹಾಕಿ, ಮಧ್ಯಾಹ್ನ ಎರಡೂಮುಕ್ಕಾಲಿನ ರೈಲಿಗೆ ವಾಪಸಾಗುವ ಹಾಗೆ ಹೊತ್ತು ಗೊತ್ತು ಮಾಡಿದೆ. ನಾಲ್ಕೂವರೆಗೆ ಹಾಲು ಕರೆಯಬೇಕು. ನಾನು ಕೆಲಸ ಮಾಡಿದ ಮೈಸೂರು ಮೈನ್ಸಿನಲ್ಲಿ ಈಗ ಸದ್ದಿಲ್ಲ. ಎಂಜಿನ್ ಮನೆಗೆ ಬೀಗ. ಗೇಟಿನ ಸರಳುಗಳ ಆಚೆ, ಗಾಜು ಹೋದ ಕಿಟಕಿಯಲ್ಲಿ ಡ್ರಮ್ಮಿನ ಒಂದು ಮಗ್ಗುಲು ಕಾಣುತ್ತಿತ್ತು. ತುಕ್ಕು ಹಿಡಿದಿತ್ತು. ಹೆಂಡತಿ ಸರಳು ಹಿಡಿದು ಬಹಳ ಹೊತ್ತು ನೋಡಿದಳು.

“ಕುರ್ಚಿ ಎಲ್ಲಿ?”

“ಅದರ ಎಡಕ್ಕೆ. ಇಲ್ಲಿಂದ ಕಾಣುವುದಿಲ್ಲ.”

“ಒಬ್ರೇ ಕೂರ್ತಿದ್ರಾ?”

“ಒಬ್ಬನೇ.”

“ಮಾತಾಡಂಗಿಲ್ಲ.”

“ಇಲ್ಲ.”

“ಎಷ್ಟೊಂದ್ ಜನಾನ ಇಳಿಸಿ ಎತ್ತಿರ್ಬೋದು?”

“ಎಣಿಸಿಲ್ಲ.” ನಾನು ಎಣಿಸದೆ ಬಿಟ್ಟದ್ದು ಬಹುಶಃ ಅದೊಂದೇ.

“ಯಾರಿಗಾದ್ರೂ ಏನಾದ್ರೂ ಆಯ್ತಾ?”

“ನನ್ನ ಪಾಳಿಯಲ್ಲಿ ಇಲ್ಲ. ಎಲ್ಲರೂ ಮೇಲೆ ಬಂದರು.”

ಅವಳು ತಿರುಗಿ ನನ್ನನ್ನೇ ನೋಡಿದಳು. “ಇದನ್ನ ಏಳೋದು ಬಿಟ್ಟು ಇಲಿ ಕಥೆ ಏಳ್ತಾ ಕೂತಿದ್ರಾ ನಲವತ್ತು ವರ್ಷ?”

ಗಡಿಯಾರ ನೋಡಿದೆ. ರೈಲಿಗೆ ಹದಿನೆಂಟು ನಿಮಿಷ. ಚುರುಕಾಗಿ ನಡೆದರೆ ಸಿಗುತ್ತಿತ್ತು. ಹೊರಡೋಣ ಎಂದೆ. ಅವಳು ಬಳೆಗಳನ್ನು ಮೇಲಕ್ಕೆ ಸರಿಸಿಕೊಂಡು, ಬೆರಳಿನ ಗೆಣ್ಣಿನಿಂದ ಗೇಟಿನ ಕಬ್ಬಿಣದ ಮೇಲೆ ಬಾರಿಸಿದಳು. ಒಂದು, ಎರಡು, ಮೂರು. ಬಾರಿಸಿ ನನ್ನ ತೋಳು ಹಿಡಿದುಕೊಂಡಳು.

ಮೂರು ಬಾರಿಸಿದ ಮೇಲೆ ಅವಸರ ಮಾಡುವಂತಿಲ್ಲ. ನಿಧಾನವಾಗಿಯೇ ನಡೆದೆವು. ರೈಲು ತಪ್ಪಿತು, ಹಸುಗಳು ಕಾದವು.